ಕರ್ಪೂರ ಆರಿದ ಮೇಲಿನ ನುಡಿ

ರಾಮನವಮಿಯ ಸಂಜೆ ತೂಬಗೆರೆಯ ದೇವಸ್ಥಾನದಲ್ಲಿ ಕಛೇರಿ. ಕಂಬಕ್ಕೊರಗಿ ಪಾನಕ ಕುಡಿಯುತ್ತಿದ್ದ ವರಲಕ್ಷ್ಮಮ್ಮನವರ ಲೋಟ, ಹಾಡುವ ಹುಡುಗಿ ದಿವ್ಯಳ ಮಾತು ಕೇಳಿ ಕೈಯಲ್ಲೇ ನಿಂತಿತು.

"ಮುಂದಿನದು ನಿಮ್ಮೂರಿಂದೇ ಹಾಡು. ಒಂದು ಹಳೇ ಪುಸ್ತಕದಲ್ಲಿ ಸಿಕ್ತು. ಎರಡೇ ನುಡಿ ಇದೆ. ಕಟ್ಟಿದೋರು ಯಾರು ಅಂತ ಗೊತ್ತಿಲ್ಲ."

ಪಕ್ಕದ ಪಾಪಮ್ಮ ನಕ್ಕಳು. "ಅಯ್ಯೋ, ಇದು ನಮ್ ಆರತಿ ಹಾಡು ಕಣಕ್ಕಾ! ಇದಕ್ಕೂ ಕಟ್ಟಿದೋರು ಅಂತ ಇರ್ತಾರಾ?"

ಇದ್ದರು. ಮೂರನೆಯ ನುಡಿಯೂ ಇತ್ತು, ಅದರಲ್ಲಿ ಕಟ್ಟಿದವರ ಹೆಸರಿತ್ತು. ಆದರೆ ಊರಿನ ಹೆಂಗಸರು ಹಾಡುತ್ತಿದ್ದುದು ಕರ್ಪೂರದ ಲೆಕ್ಕದಲ್ಲಿ. ಎಷ್ಟು ಬೇಗ ಹಾಡಿದರೂ ಎರಡನೆಯ ನುಡಿಗೇ ಆರತಿ ಆರಿಬಿಡುತ್ತಿತ್ತು; ಆರಿದ ಮೇಲೆ ಹಾಡುವಂತಿಲ್ಲ. ಮೂರನೆಯದನ್ನು ಹಾಡುತ್ತಿದ್ದವಳು ವರಲಕ್ಷ್ಮಮ್ಮನವರ ಅಜ್ಜಿಯೊಬ್ಬಳೇ, ರಾಗಿ ಬೀಸುವಾಗ. ಬೀಸುಕಲ್ಲಿಗೇನು ಅವಸರ?

"ಹಾಡು ಕೊಟ್ಟೋರ ಹೆಸರು ಹೇಳ್ದೆ ಕಲ್ಲು ಬಿಟ್ಟು ಏಳಬಾರ್ದು ಕಣೇ ವರಾ. ಮರೀಬೇಡ."

ಅಜ್ಜಿಯ ಆ ಮಾತಿಗೆ ವರಲಕ್ಷ್ಮಮ್ಮ ಹೂಂ ಅಂದಿದ್ದರು. ಊರಿಗೆ ಹಿಟ್ಟಿನ ಮಿಲ್ಲು ಬಂತು, ಕಲ್ಲು ಹಿತ್ತಿಲು ಸೇರಿತು, ನುಡಿ ಎಂದೋ ನೆನಪಿನಿಂದ ಜಾರಿಹೋಯಿತು. ಎಷ್ಟು ಆರತಿಗಳಲ್ಲಿ ಹುಡುಕಿದ್ದರು! ಹತ್ತಿರ ಬಂದಂತಾಗಿ ಹಿಂದೆ ಸರಿಯುತ್ತಿತ್ತು. ಇನ್ನು ತಾವೂ ಹೋದರೆ ಆ ಹೆಸರೂ ಹೋದಂತೆ.

ದಿವ್ಯ ಆರತಿಯ ಓಟದಲ್ಲಿ ಹಾಡಲಿಲ್ಲ. ಆನಂದಭೈರವಿಯಲ್ಲಿ, ವಿಳಂಬದಲ್ಲಿ, ಒಂದೊಂದು ಮಾತನ್ನೂ ಸುತ್ತಿ ಸುತ್ತಿ ತಂದಿಟ್ಟಳು.

ಎಣ್ಣೆ ನೀನೆ ಬತ್ತಿ ನೀನೆ
ಕಣ್ಣ ಬೆಳಕು ನೀನೆ ರಾಮ

ಅದು ಬೀಸುಕಲ್ಲಿನ ನಡೆ. ವರಲಕ್ಷ್ಮಮ್ಮನವರ ಬಲಗೈ ತೊಡೆಯ ಮೇಲೆ ತಾನಾಗಿ ಸುತ್ತತೊಡಗಿತು. ಮೂಗಿಗೆ ಬಿಸಿ ರಾಗಿಹಿಟ್ಟಿನ ವಾಸನೆ, ಎದುರಿಗೆ ಗೂಟ ಹಿಡಿದ ಅಜ್ಜಿಯ ಹಚ್ಚೆಯ ಕೈ. ಎರಡನೆಯ ನುಡಿ ಮುಗಿಯಿತು. ಮೃದಂಗದವರು ಮುಕ್ತಾಯಕ್ಕೆ ಅಣಿಯಾದರು. ಇವರ ಕೈ ಮಾತ್ರ ನಿಲ್ಲಲಿಲ್ಲ.

ನಾಲ್ಕು ಜನರೆದುರು ಎಂದೂ ದನಿಯೆತ್ತದ ವರಲಕ್ಷ್ಮಮ್ಮ ಕುಳಿತಲ್ಲಿಂದಲೇ ಹಾಡಿದರು.

ಆಸೆಯೆಲ್ಲ ಉರಿದು ಉಳಿದ
ದಾಸ ತಿಮ್ಮನೊಡೆಯ ರಾಮ

ದನಿ ನಡುಗಿತು, ನಡೆ ತಪ್ಪಲಿಲ್ಲ. ದಿವ್ಯ ಕೈಯೆತ್ತಿ ಮೃದಂಗವನ್ನು ತಡೆದಳು. ಕಣ್ಮುಚ್ಚಿ ಆ ಸಾಲನ್ನೇ ಎತ್ತಿಕೊಂಡು ಮತ್ತೆ ಮತ್ತೆ ಹಾಡಿದಳು. ಆಮೇಲೆ ಮೈಕು ಬಿಟ್ಟು ಬಾಗಿ ಕೇಳಿದಳು, "ದಾಸ ತಿಮ್ಮ ಯಾರಮ್ಮಾ?"

"ನಮ್ಮೂರೋರೇ ಕಣವ್ವ. ಅಷ್ಟೇ ನಂಗೊತ್ತಿರೋದು." ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೆಸರು ಹೇಳಿದ್ನಲ್ಲ, ಸಾಕು."

ಪಾಪಮ್ಮ ಕೆನ್ನೆಗೆ ಕೈಯಿಟ್ಟುಕೊಂಡಳು. "ಒಂದು ಬಿಲ್ಲೆ ಕರ್ಪೂರಕ್ಕೆ ಜಿಪುಣತನ ಮಾಡಿ ಮನುಷ್ಯನ್ನೇ ಕಳ್ಕೊಂಡಿದ್ವಲ್ಲಕ್ಕಾ!"

ಮಂಗಳಾರತಿಗೆ ಎದ್ದವಳು ತಟ್ಟೆಗೆ ಇನ್ನೆರಡು ಬಿಲ್ಲೆ ಹಾಕಿದಳು.