ಬನ್ನಿಗೆ ಬೆರೆಸಿದ್ದು

ನಮ್ಮ ಯಜಮಾನರಿಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ಹದಿನೆಂಟು ವರ್ಷ ನಂಬಿದ್ದೆ, ದಡ್ಡಿ ನಾನು. ಎಪ್ಪತ್ತೊಂಬತ್ತನೇ ಇಸವಿಯ ರಂಜಾನ್ ತಿಂಗಳಲ್ಲಿ ಒಂದು ಶುಕ್ರವಾರ ಬೆಳಿಗ್ಗೆ, ನನ್ನ ಕಣ್ಣೆದುರಿಗೇ ಹೇಳಿದರು.

ಮುಳಬಾಗಿಲಿನಲ್ಲಿ ನಮ್ಮದೊಂದು ಸಣ್ಣ ಬೇಕರಿ. ಹಿಟ್ಟು ಉಬ್ಬಲೆಂದು ಈಚಲ ಹೆಂಡ ಬೆರೆಸುತ್ತಿದ್ದೆವು. ಮಾವನವರ ಕಾಲದ ರೂಢಿ, ಊರಿಗೆ ಗೊತ್ತಿರಲಿಲ್ಲ. ಮಸೀದಿಯ ಹಿರಿಯರಾದ ದಸ್ತಗೀರ್ ಸಾಬರು ಬಂದು, ಸಂಜೆ ಉಪವಾಸ ಬಿಡುವ ಹೊತ್ತಿಗೆ ಇನ್ನೂರು ಬನ್ನು ಬೇಕೆಂದರು.

"ಗಂಗುಲಪ್ಪಾ, ನಮಗೆ ಆಗದೇ ಇರೋದು ಏನೂ ಇದ್ರಲ್ಲಿ ಇಲ್ಲ ತಾನೆ?"

"ಏನೂ ಇಲ್ಲ ಸಾಬ್ರೇ," ಎಂದರು ಯಜಮಾನರು.

"ನಿನ್ನ ಮಾತು ಸಾಕು. ಜನಕ್ಕೆ ನಾನು ಹೇಳ್ತೀನಿ."

ಸಾಬರು ಹೋದ ಮೇಲೆ, ಹೆಂಡದ ವಿಷಯ ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದೆ. "ಬೆಂದ್ಮೇಲೆ ಹೆಂಡ ಎಲ್ಲಿರ್ತೈತೆ? ಸುಮ್ನಿರು ಕಣೇ," ಎಂದು ಗದರಿದರು.

ನನಗೋ ನುಂಗಲಾರದ ಬಿಸಿತುಪ್ಪ. ಒಲೆಯ ಮುಂದೆ ಕೂತರೆ ಎದ್ದೆ, ಎದ್ದರೆ ಕೂತೆ. ಒಂದು ತಟ್ಟೆ ಬನ್ನು ಕರಕಲಾಯಿತು. ದಿನವಿಡೀ ಉಗುಳೂ ನುಂಗದೆ ಕಾದವರ ಬಾಯಿಗೆ ಇದನ್ನು ಇಡುವುದೇ? ಸಂಜೆ ಬುಟ್ಟಿಗಳು ಸೈಕಲ್ ಏರಿ ಹೋದ ಮೇಲೆ ತಡೆಯಲಾಗದೆ ಬರಿಗಾಲಲ್ಲೇ ಓಡಿದೆ.

ಮಸೀದಿಯ ಗೇಟಿನಲ್ಲಿ ನಿಂತು ಸಾಬರನ್ನು ಹೊರಗೆ ಕರೆಸಿದೆ. "ಸಾಬ್ರೇ, ಬನ್ನಲ್ಲಿ ಹೆಂಡ ಐತೆ. ಯಾರೂ ತಿನ್ಬೇಡಿ."

ಸಾಬರ ಮುಖ ಕಪ್ಪಿಟ್ಟಿತು. "ಮಧ್ಯಾಹ್ನ ನಮಾಜಲ್ಲಿ ಎಲ್ರಿಗೂ ಹೇಳ್ಬಿಟ್ಟಿದ್ದೀನಲ್ಲಮ್ಮಾ, ಈ ಬನ್ನಿಗೆ ನಾನು ಜವಾಬ್ದಾರಿ ಅಂತ."

ಒಳಗೆ ಹೋಗಿ ಬುಟ್ಟಿಗಳನ್ನು ಪಕ್ಕಕ್ಕೆ ಸರಿಸಿದರು. ಬನ್ನು ನಮಗೆ ಆಗುವಂಥದ್ದಲ್ಲ, ಸರಿಯಾಗಿ ವಿಚಾರಿಸದೆ ಹೇಳಿದ್ದು ನನ್ನದೇ ತಪ್ಪು ಎಂದು ಉರ್ದುವಿನಲ್ಲಿ ಹೇಳಿದ್ದು ನನಗೆ ಕೇಳಿಸಿತು. ವಯಸ್ಸಿನ ಹುಡುಗರು ಮುಖಕ್ಕೆ ಹೊಡೆದ ಹಾಗೆ ಮಾತನಾಡಿದರು. ಸಾಬರು ತಲೆ ತಗ್ಗಿಸಿ ಕೇಳಿಸಿಕೊಂಡರು. ನಮ್ಮ ಯಜಮಾನರ ಹೆಸರು ಅವರ ಬಾಯಿಂದ ಬರಲೇ ಇಲ್ಲ. ಜನ ಖರ್ಜೂರ, ನೀರಿನಲ್ಲೇ ಉಪವಾಸ ಬಿಟ್ಟರು.

ಮನೆಗೆ ಬಂದಾಗ ಯಜಮಾನರು ನಾಳೆಯ ಹಿಟ್ಟು ನಾದುತ್ತಿದ್ದರು. ಎಲ್ಲವನ್ನೂ ಹೇಳಿದೆ.

"ನನ್ನ ಬೈದ್ರಾ?"

"ನಿಮ್ಮನ್ನಲ್ಲ. ಸಾಬ್ರನ್ನ. ತಪ್ಪು ತಮ್ದೇ ಅಂದ್ರು ಅವ್ರು."

ಅವರ ಕೈ ನಿಂತಿತು. "ಆ ಮನುಷ್ಯ ಅಷ್ಟು ಜನದ ಹತ್ರ ಅನ್ನಿಸ್ಕೊಳ್ತಿದ್ರೆ, ನೀನು ಗೇಟಲ್ಲಿ ನಿಂತು ಕೇಳಿಸ್ಕೊಂಡು ಬಂದ್ಯಾ?"

ಕೈಗೆ ಮೆತ್ತಿದ ಹಿಟ್ಟನ್ನೂ ತೊಳೆಯದೆ ಮಸೀದಿಯ ದಾರಿ ಹಿಡಿದರು. ಬೆಳಗಿನಿಂದ ಅವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದ ನಾನು ಅವರ ಹಿಂದೆಯೇ ಹೊರಟೆ.