ನಡುವಿಲ್ಲದ ಚುಕ್ಕೆ

ಚುಕ್ಕೆಯ ನಡುಭಾಗ ಮತ್ತೆ ಕಾಣೆಯಾಗಿತ್ತು. ಗಡಿಯಾರ ರಿಪೇರಿಯವನು ಬಲಗಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹುಬ್ಬಿನಡಿ ಕಚ್ಚಿಸಿಕೊಂಡು ಬಗ್ಗಿದ. ಕಪ್ಪು ರಟ್ಟಿನ ಮೇಲೆ ಬಿದ್ದ ಕೆಂಪು ಬೆಳಕು ಸಾಸಿವೆಯಂತೆ ತುಂಬಿಕೊಂಡಿರಬೇಕಿತ್ತು. ಬಳೆಯ ಹಾಗೆ ಅಂಚು ಮಾತ್ರ ಇತ್ತು. ಒಳಗೆ ಬೂದು ಬಣ್ಣದ್ದು ಏನೋ ಕುಳಿತಿತ್ತು.

ಒಂಬತ್ತು ದಿನದಿಂದ ಇದೇ ಗೋಳು. ಲೇಸರ್ ಕೊಳವೆಯ ಮೂತಿಯ ಮಸೂರವನ್ನು ಕೂದಲೆಳೆಯಷ್ಟು ಮುಂದೆ ತಿರುಗಿಸಿದ, ಹಿಂದೆ ತಿರುಗಿಸಿದ. ಮೂರು ಮಸೂರ ಬದಲಾಯಿಸಿದ. ತಂತಿಗಳನ್ನು ಬಿಚ್ಚಿ ಹೊಸದಾಗಿ ಬೆಸುಗೆ ಹಾಕಿದ. ಫೋಕಸ್ ಸರಿಯಿದ್ದರೆ ಶಕ್ತಿ ಸಾಲುತ್ತಿಲ್ಲವೆಂದು ಕರೆಂಟು ಏರಿಸಿದ, ಮರುದಿನ ಇನ್ನಷ್ಟು ಏರಿಸಿದ. ರಟ್ಟಿನಿಂದ ಹೊಗೆ ಬರುತ್ತಿತ್ತು, ಸುಟ್ಟ ವಾಸನೆಯೂ ಬರುತ್ತಿತ್ತು. ಸುಟ್ಟ ಜಾಗ ಮಾತ್ರ ಅವನಿಗೆ ಕಾಣುತ್ತಿರಲಿಲ್ಲ.

ಈ ಯಂತ್ರ ಹುಚ್ಚಿಗೆ ಕಟ್ಟಿದ್ದಲ್ಲ. ಮೂವತ್ತು ವರ್ಷ ಕೈಗಡಿಯಾರಗಳ ಬೆನ್ನಿಗೆ ಉಳಿಯಿಂದ ಹೆಸರು ಕೊರೆದವನು ಅವನು. ನಿವೃತ್ತರಾಗುವವರು, ಮದುವೆಯಾಗುವವರು ಎಲ್ಲರೂ ಅವನಲ್ಲಿಗೇ ಬರುತ್ತಿದ್ದರು. ಹೋದ ವರ್ಷದಿಂದ ಕೈ ನಡುಗಲು ಶುರುವಾಯಿತು. ಒಬ್ಬ ಹಳೆಯ ಮೇಷ್ಟರ ಗಡಿಯಾರದಲ್ಲಿ ಅಕ್ಷರವೊಂದಕ್ಕೆ ಬಾಲ ಮೂಡಿತು. ಮೇಷ್ಟರು ಏನೂ ಅನ್ನದೆ ಕಟ್ಟಿಕೊಂಡು ಹೋದರು. ಬೈದಿದ್ದರೇ ಚೆನ್ನಾಗಿತ್ತು. ಕೈಯ ಕೆಲಸ ಹೋದರೆ ತಾನೂ ಹೋದಂತೆ ಎಂದು ಅವನಿಗೆ ಅನ್ನಿಸಿದ್ದು ಅವತ್ತೇ. ಆಮೇಲೆ ಎರಡು ಕೆಟ್ಟ ಪ್ರಿಂಟರುಗಳ ಸರಳು, ಹಳೆಯ ಡಿಸ್ಕ್ ಬರೆಯುವ ಪೆಟ್ಟಿಗೆಯಿಂದ ಕಿತ್ತ ಲೇಸರ್ ಡಯೋಡು ಸೇರಿಸಿ, ಬೆಳಕಿನಿಂದ ಹೆಸರು ಕೊರೆಯುವ ಈ ಯಂತ್ರವನ್ನು ಕಟ್ಟಿ ನಿಲ್ಲಿಸಿದ. ಪವರ್ ಸಪ್ಲೈ ಕೊಟ್ಟದ್ದು ಹೆಂಡತಿಯ ಅಣ್ಣ, ರೇಡಿಯೋ ರಿಪೇರಿಯವನು. ಜೊತೆಗೆ, ಯಂತ್ರ ಉರಿಯುವಾಗ ಹಾಕಿಕೋ ಎಂದು ಕಪ್ಪು ಕನ್ನಡಕವನ್ನೂ ಕೊಟ್ಟಿದ್ದ. ಅದರ ಮೇಲೆ ಭೂತಗನ್ನಡಿ ಕೂರುವುದಿಲ್ಲವಲ್ಲ! ಭೂತಗನ್ನಡಿಯಿಲ್ಲದೆ ನೋಡಿದ್ದನ್ನು ನೋಡಿದ್ದೆಂದು ಒಪ್ಪದ ಜಾಯಮಾನ ಇವನದು. ಕನ್ನಡಕ ಮೊಳೆಗೆ ನೇತುಬಿದ್ದಿತು.

ನಿನ್ನೆ ಇನ್ನೊಂದು ಆಯಿತು. ಒಂದು ಸಣ್ಣ ಕೈಗಡಿಯಾರ ಬಿಚ್ಚಿ ಕುಳಿತಿದ್ದ. ಟಿಕ್ ಟಿಕ್ ಕೇಳಿಸುತ್ತಿತ್ತು. ತೂಗಾಡಬೇಕಾದ ಚಕ್ರ ಅಲ್ಲಿರಲಿಲ್ಲ. ಗಾಬರಿಯಾಗಿ ಭೂತಗನ್ನಡಿ ತೆಗೆದು ನೋಡಿದರೆ ಇತ್ತು, ತನ್ನ ಪಾಡಿಗೆ ತೂಗಾಡುತ್ತಿತ್ತು. ಮತ್ತೆ ಹಾಕಿಕೊಂಡ. ಇರಲಿಲ್ಲ. ಗಡಿಯಾರವನ್ನು ಮುಚ್ಚಿ ಡ್ರಾಯರಿನೊಳಗೆ ತಳ್ಳಿ, ಯಾರಿಗೂ ಹೇಳದೆ ಊಟಕ್ಕೆ ಎದ್ದಿದ್ದ.

ಇವತ್ತು ಬೆಳಿಗ್ಗೆ ತಡೆಯಲಾರದೆ ರೇಡಿಯೋ ಭಾವನಿಗೆ ಫೋನ್ ಮಾಡಿದ್ದ. ಅವರು ಮೀಟರು ಹಿಡಿದು ಬಂದರು.

"ಏನಪ್ಪಾ, ನನ್ನ ಸಪ್ಲೈ ಮೇಲೇ ದೂರಾ? ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

"ನೀವೇ ನೋಡಿ ಭಾವ. ಚುಕ್ಕೆಗೆ ನಡುವೇ ಇಲ್ಲ."

ಭಾವ ಮೊಳೆಯಿಂದ ಕಪ್ಪು ಕನ್ನಡಕ ತೆಗೆದು ಹಾಕಿಕೊಂಡು ಮೀಟರು ಹಚ್ಚಿದರು. ಕರೆಂಟು ಅಲುಗಾಡದೆ ನಿಂತಿತ್ತು. "ಇಷ್ಟ್ಯಾಕೆ ಏರ್ಸಿದೀಯ? ಮನೆ ಸುಡ್ತೀಯಾ?" ಎಂದು ಅರ್ಧಕ್ಕೆ ಇಳಿಸಿದರು. ಹೊಸ ಕಪ್ಪು ರಟ್ಟನ್ನಿಟ್ಟು ಒಂದು ಗೆರೆ ಎಳೆಸಿ, ಯಂತ್ರ ಆರಿಸಿ, ರಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇನ್ನೇನ್ ಬೇಕು ನಿಂಗೆ? ಕೂದಲಿನ ಹಾಗೆ ಬಂದಿದೆ. ಫೋಕಸ್ಸೂ ಸರಿ, ಪವರ್ರೂ ಸರಿ."

ಅವನು ರಟ್ಟು ಇಸಿದುಕೊಂಡು ಭೂತಗನ್ನಡಿಯಲ್ಲಿ ನೋಡಿದ. "ಇಲ್ಲಿ ತುಂಡಾಗಿದೆಯಲ್ಲ."

"ಎಲ್ಲಿ?"

ಉಗುರಿನಿಂದ ತೋರಿಸಲು ಹೋದ. ಉಗುರೂ ಅಲ್ಲಿ ಹೋಗಿ ಇಲ್ಲವಾಯಿತು. ರಟ್ಟನ್ನು ಎಡಕ್ಕೆ ಸರಿಸಿದ. ತುಂಡಾಗಿದ್ದ ಕಡೆ ಗೆರೆ ಕೂಡಿಕೊಂಡಿತು, ಕೂಡಿದ್ದ ಕಡೆ ತುಂಡಾಯಿತು. ಬಲಕ್ಕೆ ಸರಿಸಿದ. ಅವನು ಎಲ್ಲಿ ನೋಡಿದನೋ ಅಲ್ಲಿಗೆ ಆ ಬೂದು ತುಣುಕು ಅವನಿಗಿಂತ ಮುಂಚೆಯೇ ಬಂದು ಕಾದು ನಿಂತಿರುತ್ತಿತ್ತು.

ಭಾವನ ನಗು ನಿಂತಿತು. "ಇದು ಯಾವತ್ತಿಂದ?"

"ಮೊದಲ್ನೇ ಹೆಸರು ಚೆನ್ನಾಗ್ ಬಂತಲ್ಲ, ಅದರ ಮಾರನೇ ದಿನದಿಂದ."

"ಎಲ್ಲಿ ಅದು, ಕೊಡು."

ಅದೊಂದು ಹಿತ್ತಾಳೆ ಬಿಲ್ಲೆ. ಮೇಲೆ ಕಪ್ಪು ಬಣ್ಣ ಬಳಿದು, ಬೆಳಕಿನಿಂದ ಬಣ್ಣ ಸುಟ್ಟು, ಒಳಗಿನ ಹಿತ್ತಾಳೆಯಲ್ಲಿ ಹೆಂಡತಿಯ ಹೆಸರು ಮೂಡಿಸಿದ್ದ. ಭಾವ ಅದನ್ನು ಕಿಟಕಿಯತ್ತ ತಿರುಗಿಸಿದರು. ಅಕ್ಷರಗಳು ಕನ್ನಡಿಯಂತೆ ಹೊಳೆದು ಬಿಸಿಲಿನ ಚೂರುಗಳನ್ನು ಸೂರಿಗೆ ಎಸೆದವು.

"ಇದು ಉರೀತಿರುವಾಗ ಬಗ್ಗಿ ನೋಡ್ದೆಯಾ?"

"ಅಕ್ಷರ ನೆಟ್ಟಗಿದ್ಯಾ ಅಂತ ನೋಡ್ದೆ."

"ಭೂತಗನ್ನಡೀಲಿ?"

"ಇನ್ಯಾತರಲ್ಲಿ ನೋಡ್ಲಿ?"

"ನೋವಾಯ್ತಾ?"

"ಇಲ್ಲ ಭಾವ. ಒಂದ್ಸಲ ಫಳಕ್ ಅಂತು. ಅಷ್ಟೇ."

ಭಾವ ಪ್ಲಗ್ಗನ್ನೇ ಕಿತ್ತು ಹಾಕಿದರು. "ಎಡಗಣ್ಣು ಮುಚ್ಕೋ. ಆ ಗೋಡೆ ನೋಡು."

ಅವನು ಎಡಗಣ್ಣಿನ ಮೇಲೆ ಅಂಗೈ ಇಟ್ಟು ತಲೆಯೆತ್ತಿದ. ಗೋಡೆಯಲ್ಲಿ ಹನ್ನೊಂದು ಗಡಿಯಾರಗಳು. ಮೊದಲನೆಯದಕ್ಕೆ ಮುಳ್ಳುಗಳಿರಲಿಲ್ಲ. ಎರಡನೆಯದನ್ನು ನೋಡಿದ, ಅದರ ಮುಳ್ಳು ಹೋಗಿ ಮೊದಲನೆಯದಕ್ಕೆ ಬಂದಿತ್ತು. ಒಂದೊಂದನ್ನೇ ನೋಡುತ್ತ ಹೋದ. ಹನ್ನೊಂದೂ ನಡೆಯುತ್ತಿರುವ ಸದ್ದು ಕೇಳುತ್ತಿತ್ತು, ಒಂದರಲ್ಲೂ ಗಂಟೆ ಎಷ್ಟೆಂದು ಇರಲಿಲ್ಲ. ಎರಡು ಕಣ್ಣೂ ಬಿಟ್ಟಾಗ ಎಡಗಣ್ಣು ಎಲ್ಲವನ್ನೂ ಮುಚ್ಚಿಹಾಕುತ್ತಿತ್ತು, ಮನೆಯ ಗುಟ್ಟು ಕಾಯುವ ಹಿರಿಯಕ್ಕನ ಹಾಗೆ. ಆದರೆ ಆ ಕಣ್ಣಿಗೆ ಕೆಲಸ ಬರುತ್ತಿರಲಿಲ್ಲ. ಅವನು ಬೆಂಚಿಗೆ ಕೂತಾಗಲೆಲ್ಲ ಅದು ಮುಚ್ಚಿಕೊಂಡಿದ್ದದ್ದೇ. ಚಕ್ರ, ತಿರುಪು, ಅಕ್ಷರ ಬಲ್ಲದ್ದು ಬಲಗಣ್ಣೊಂದೇ. ಅವನಿಗೆ ಹೆದರಿಕೆಯಾಯಿತು. ಕೈ ನಡುಗಿದ ದಿನವೂ ಇಷ್ಟು ಹೆದರಿರಲಿಲ್ಲ.

"ಮೆಷಿನ್‌ಗೆ ಏನೂ ಆಗಿಲ್ಲ ಕಣೋ, ಹಿತ್ತಾಳೆಯಿಂದ ಚಿಮ್ಮಿದ ಬೆಳಕು ನಿನ್ನ ಕಣ್ಣಿಗೇ ಹೊಡ್ದಿದೆ," ಎಂದರು ಭಾವ ಮೆಲ್ಲಗೆ. "ಎದ್ದೇಳು, ಕಣ್ಣಿನ ಡಾಕ್ಟರ ಹತ್ರ ಹೋಗೋಣ. ಸ್ಕೂಟರ್ ತಿರುಗಿಸ್ತೀನಿ." ಅವರು ಹೊರಗೆ ಹೋದರು.

ಒಳಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಹೆಂಡತಿ ಬಾಗಿಲಿಗೆ ಬಂದಳು.

"ಸರಿಹೋಯ್ತೇನ್ರೀ?"

ಅವನು ಎಡಗಣ್ಣಿನ ಮೇಲಿನ ಅಂಗೈ ತೆಗೆಯದೆ ತಿರುಗಿದ. ಸೀರೆಯ ಸೆರಗಿತ್ತು, ಹೆಗಲ ಮೇಲೆ ಅಳತೆಯ ಟೇಪಿತ್ತು, ಹಣೆಯ ಮೇಲಿನ ಕೂದಲಿತ್ತು. ಮುಖವಿರಲಿಲ್ಲ. ಮುಖವಿಲ್ಲದ ಜಾಗದಿಂದ ಅವಳ ದನಿ ಬಂತು.

"ಅಣ್ಣ ಏನಂದ?"

ಅವನು ನೋಟವನ್ನು ಒಂದಿಷ್ಟು ಸರಿಸಿದ, ಮಸೂರ ತಿರುಗಿಸುವಾಗಿನ ನಿಧಾನದಲ್ಲಿ. ಅವಳ ಕಿವಿ ದಾಟಿ, ಬಾಗಿಲ ಚೌಕಟ್ಟು ದಾಟಿ, ಖಾಲಿ ಗೋಡೆಗೆ ಬಂದಾಗ ಅಂಚಿನಲ್ಲಿ ಮಸುಕಾಗಿ ಅವಳ ಎರಡು ಕಣ್ಣುಗಳು ಮೂಡಿದವು.

"ಆ ಗೋಡೇಲಿ ಏನ್ ನೋಡ್ತಿದೀರ?"

"ನಿನ್ನನ್ನೇ," ಎಂದ ಅವನು, ಗೋಡೆಯಿಂದ ಕಣ್ಣು ಕೀಳದೆ.