ಅಕ್ಕನ ಬೀದಿ

ಪ್ರವಾಸದ ಪುಸ್ತಕ ಪ್ರಕಟಿಸುವವನೆಂದರೆ ಸದಾ ಊರೂರು ಸುತ್ತುತ್ತಿರುತ್ತಾನೆ ಎಂದು ಜನ ತಿಳಿದುಕೊಳ್ಳುತ್ತಾರೆ. ಇವನು ಸುತ್ತುತ್ತಿದ್ದುದು ಮನೆಯಿಂದ ಕಚೇರಿಗೆ, ಕಚೇರಿಯಿಂದ ಮುದ್ರಣಾಲಯಕ್ಕೆ. ದೂರದ ಊರುಗಳಿಗೆ ಬೇರೆಯವರನ್ನು ಕಳಿಸಿ, ಅವರು ಬರೆದು ತಂದದ್ದನ್ನು ತಿದ್ದಿ, ಜೇಬಿಗೆ ಹಿಡಿಸುವಂಥ ಕೈಪಿಡಿಗಳನ್ನು ಹೊರತರುವುದು ಅವನ ಕಸುಬು. ಎಲ್ಲಿ ಯಾವ ಬಸ್ಸು ಹತ್ತಬೇಕು, ಯಾವ ಲಾಡ್ಜಿನಲ್ಲಿ ತಿಗಣೆ ಇಲ್ಲ, ಯಾವ ಮ್ಯೂಸಿಯಂಗೆ ಸೋಮವಾರ ರಜೆ ಎನ್ನುವಂಥ ವಿಷಯಗಳು. ಇದನ್ನೆಲ್ಲ ಫೋನು ಪುಕ್ಕಟೆಯಾಗಿ ಹೇಳಲು ಶುರುಮಾಡಿದ ಮೇಲೆ ಕೈಪಿಡಿಗಳು ಗೋದಾಮಿನಲ್ಲಿ ಧೂಳು ತಿನ್ನತೊಡಗಿದವು. ಗಿಜಿಗುಡುತ್ತಿದ್ದ ಕಚೇರಿಯಲ್ಲಿ ಕೊನೆಗೆ ಉಳಿದದ್ದು ಅವನು ಮತ್ತು ಒಬ್ಬ ಸಂಪಾದಕಿ.

ದಿನಕ್ಕೊಂದು ಟಿಪ್ಪಣಿ ಬರೆಯಿರಿ ಎಂದು ಹೇಳಿದ್ದು ಆ ಸಂಪಾದಕಿಯೇ. ಸಂಸ್ಥೆಯ ವೆಬ್‌ಸೈಟಿನಲ್ಲಿ ಬೆಳಗ್ಗೆ ಒಂದು ಪುಟ್ಟ ಬರಹ ಇದ್ದರೆ ನಾಲ್ಕು ಜನ ಬಂದು ನೋಡಿಯಾರು, ನೋಡಿದವರಲ್ಲಿ ಒಬ್ಬರಾದರೂ ಪುಸ್ತಕ ಕೊಂಡಾರು ಎಂಬುದು ಅವಳ ಆಸೆ. ಅವನು ಒಲ್ಲದ ಮನಸ್ಸಿನಿಂದಲೇ ಶುರುಮಾಡಿದ. ಪೇಪರಿನಲ್ಲಿ ಕಂಡ ಸುದ್ದಿ, ರೈಲಿನಲ್ಲಿ ಕಿವಿಗೆ ಬಿದ್ದ ಮಾತು, ಪಕ್ಕದ ಮನೆಯವರ ನಾಯಿ, ಕೆಟ್ಟು ನಿಂತ ಲಿಫ್ಟು, ಏನು ಸಿಕ್ಕರೆ ಅದು. ವರ್ಷಾನುಗಟ್ಟಲೆ ಕೈಪಿಡಿಯ ಒಣ ಭಾಷೆಯಲ್ಲೇ ಬರೆದ ಕೈಯಿಂದ ಹೀಗೂ ಬರುತ್ತದೆ ಎಂದು ಅವನಿಗೇ ಗೊತ್ತಿರಲಿಲ್ಲ. ಓದುವವರು ಹೆಚ್ಚಿದರು. ಯಾವುದೋ ಪಟ್ಟಣದ ಜನ ಪ್ರವಾಸಿಗರ ಕಾಟ ತಾಳಲಾರದೆ ಬೀದಿಗಿಳಿದು ಕೂಗಾಡಿದ ಸುದ್ದಿ ಬಂದ ದಿನ, ಮನೆಗೆ ಬಂದ ನೆಂಟರನ್ನು ಕಂಡು ಮುಖ ಸಿಂಡರಿಸುವವರ ಬಗ್ಗೆ ಅವನೊಂದು ತಮಾಷೆ ಬರೆದ. ಅದನ್ನು ಜನ ಒಬ್ಬರಿಗೊಬ್ಬರು ಕಳಿಸಿಕೊಂಡು ನಕ್ಕರು.

ಹೀಗಿರುವಾಗ, ಬರೆಯಲು ಏನೂ ತೋಚದ ಒಂದು ಬೆಳಗ್ಗೆ ಅವನು ಅಕ್ಕನ ಬೀದಿಯ ಬಗ್ಗೆ ಬರೆದ.

ಅಕ್ಕ ಅವನಿಗಿಂತ ಬಹಳ ದೊಡ್ಡವಳು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ದಿನಗಳಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈಗ ಕಡ್ಡಿಯಂತಾಗಿದ್ದ ತಮ್ಮನನ್ನು ಇಂದಿಗೂ ‘ಗುಂಡ’ ಎಂದೇ ಕರೆಯುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಒಬ್ಬಳೇ ಇದ್ದು, ಉದ್ದದ ಪ್ಯಾಂಟು ಗಿಡ್ಡ ಮಾಡಿ, ಬಿಗಿಯಾದ ಕೋಟು ಸಡಿಲ ಮಾಡಿ ಜೀವನ ಸಾಗಿಸುತ್ತಿದ್ದಳು. ಅವಳ ಬೀದಿ ನಿಜಕ್ಕೂ ಬೀದಿಯಲ್ಲ, ಎರಡು ಸಾಲು ಹಳೆಯ ಮನೆಗಳ ನಡುವೆ ಗುಡ್ಡ ಹತ್ತುವ ಕಲ್ಲಿನ ಮೆಟ್ಟಿಲುಗಳು. ಗಾಡಿಗಳ ಸುಳಿವಿಲ್ಲ. ಅವಳ ಮನೆ ಎರಡನೇ ಮಹಡಿಯಲ್ಲಿ. ಮೊಣಕಾಲು ನೋವು ಶುರುವಾದ ಮೇಲೆ ಅವಳು ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಿದ್ದಳು. ಗಿರಾಕಿಗಳು ಬಟ್ಟೆಯನ್ನು ಅದರಲ್ಲಿ ಹಾಕಿ, ಎಲ್ಲಿ ಎಷ್ಟು ಹೊಲಿಗೆ ಬಿಚ್ಚಬೇಕು ಎಂದು ಕೆಳಗಿನಿಂದಲೇ ಹೇಳಿ ಹೋಗುತ್ತಿದ್ದರು.

ಅವನು ಬರೆದದ್ದು ಇಷ್ಟೇ: ಸಂಜೆಯ ಬಿಸಿಲು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು, ಹೊಲಿಗೆ ಯಂತ್ರದ ಸದ್ದು, ಮೆಲ್ಲಗೆ ಕೆಳಗಿಳಿಯುವ ಬುಟ್ಟಿ, ಅದನ್ನು ಇಳಿಸುವ ಒಂದು ಕೈ. ಜೊತೆಗೆ, ಕಿಟಕಿಯಲ್ಲಿ ನಿಂತು ಬುಟ್ಟಿ ಇಳಿಸುತ್ತಿರುವ ಅಕ್ಕನ ಒಂದು ಫೋಟೊ. ಕೊನೆಗೆ ಕಸುಬಿನ ಚಾಳಿಯಿಂದ ಯಾವ ಬಸ್ಸು, ಯಾವ ನಿಲ್ದಾಣ, ಯಾವ ತಿರುವು ಎಂಬುದನ್ನೂ ಸೇರಿಸಿದ.

ಮೊದಲು ಬಂದವರು ಇಬ್ಬರು ಕಾಲೇಜು ಹುಡುಗಿಯರು. ಫೋಟೊ ತೆಗೆದುಕೊಂಡು, ಕೈಬೀಸಿ ಹೋದರು. ಅಕ್ಕ ಫೋನು ಮಾಡಿ ನಕ್ಕಳು. ಈ ವಯಸ್ಸಿನಲ್ಲಿ ತನ್ನನ್ನೂ ನೋಡಲು ಬರುವವರಿದ್ದಾರೆ ಎಂದಳು. ಮುಂದಿನ ವಾರ ಗುಂಪುಗಳು ಬಂದವು. ಮೆಟ್ಟಿಲ ಮೇಲೆ ಕೂತು ತಿಂಡಿ ತಿಂದರು, ಬೆಕ್ಕನ್ನು ಎತ್ತಿಕೊಂಡರು, ಬಾಯಾರಿದವರು ಬಾಗಿಲು ತಟ್ಟಿದರು. ಅಕ್ಕ ನೀರು ಕೊಟ್ಟಳು. ನೀರು ಕುಡಿದವರು ಬಾತ್‌ರೂಮು ಎಲ್ಲಿ ಎಂದು ಕೇಳಿದರು. ಯಂತ್ರ ತುಳಿಯುವುದನ್ನು ನಿಲ್ಲಿಸಿದರೆ, ಇನ್ನೊಮ್ಮೆ ತುಳಿಯಿರಿ, ವಿಡಿಯೊ ಮಾಡಬೇಕು ಎನ್ನುತ್ತಿದ್ದರು. ಹಗ್ಗ ಹಿಡಿದು ಜಗ್ಗುವುದು ಮಕ್ಕಳಿಗೆ ಆಟವಾಯಿತು. ಬುಟ್ಟಿ ಮೇಲೆಳೆದರೆ ಖಾಲಿ ನೀರಿನ ಬಾಟಲಿ, ಐಸ್‌ಕ್ರೀಮಿನ ಕಾಗದ. ಈ ಜನಜಂಗುಳಿಯಲ್ಲಿ ನುಗ್ಗಿ ಬರಲಾರದೆ ಹಳೆಯ ಗಿರಾಕಿಗಳು ಬೇರೆ ಟೈಲರನ್ನು ಹುಡುಕಿಕೊಂಡರು.

ಅಕ್ಕ ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ, ಜನರ ಹುಚ್ಚು ನಾಲ್ಕು ದಿನದ್ದು, ತಾನಾಗಿ ಇಳಿಯುತ್ತದೆ ಎಂದು ಅವನು ಸಮಾಧಾನ ಮಾಡುತ್ತಿದ್ದ. ಇಷ್ಟರಲ್ಲೇ ಟಿಪ್ಪಣಿಗಳು ಪುಸ್ತಕವಾಗಿ ಬಂದಿದ್ದವು. ಮುಖಪುಟದಲ್ಲಿ ಅದೇ ಕಿಟಕಿ. ಪುಸ್ತಕ ಎಡೆಬಿಡದೆ ಮಾರಾಟವಾಯಿತು, ಮುಳುಗುತ್ತಿದ್ದ ಸಂಸ್ಥೆ ತೇಲಿತು. ಅದರ ಸುದ್ದಿಯನ್ನು ಮಾತ್ರ ಅವನು ಅಕ್ಕನಿಗೆ ಹೇಳಿರಲಿಲ್ಲ. ಖುದ್ದಾಗಿ ಹೋಗಿ ಪ್ರತಿ ಕೊಟ್ಟು ಅಚ್ಚರಿಗೊಳಿಸೋಣ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಹೋಗಲು ಪುರುಸೊತ್ತಾಗಿರಲಿಲ್ಲ.

ಒಂದು ಮಧ್ಯಾಹ್ನ ಅಕ್ಕನೇ ಕಚೇರಿಗೆ ಬಂದಳು. ನೋಯುವ ಕಾಲೆಳೆದುಕೊಂಡು ಮೆಟ್ಟಿಲು ಹತ್ತಿ ಬಂದು, ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡಳು. ಆಮೇಲೆ ಚೀಲದಿಂದ ಪುಸ್ತಕ ತೆಗೆದು ಅವನ ಮೇಜಿನ ಮೇಲಿಟ್ಟಳು. ಯಾರೋ ಅದನ್ನು ಬುಟ್ಟಿಗೆ ಹಾಕಿ ಅವಳ ಸಹಿ ಕೇಳಿದ್ದರಂತೆ.

“ಇವಳು ಯಾರು, ಗುಂಡ?” ಎಂದು ಮುಖಪುಟದ ಮೇಲೆ ಬೆರಳಿಟ್ಟು ಕೇಳಿದಳು.

“ನೀನೇ ಅಲ್ವಾ ಅಕ್ಕ.”

“ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?”

ಅವನು ಪುಸ್ತಕವನ್ನು ತನ್ನತ್ತ ಎಳೆದುಕೊಂಡ. ಒಳ್ಳೆಯದನ್ನೇ ಬರೆದಿದ್ದೇನೆ, ನಿನ್ನ ಹೆಸರು ಎಲ್ಲೂ ಹಾಕಿಲ್ಲ ಎಂದ.

“ಹೆಸರಿಲ್ಲ,” ಎಂದಳು ಅಕ್ಕ. “ಬಸ್ ನಂಬರ್ ಇದೆ.”

ಆಚೆ ಮೇಜಿನಲ್ಲಿದ್ದ ಸಂಪಾದಕಿ ತಲೆ ತಗ್ಗಿಸಿದಳು. ಅಕ್ಕ ಜಗಳವಾಡಲಿಲ್ಲ. ಮುಂದೆ ಅಚ್ಚು ಹಾಕುವಾಗ ಇದನ್ನು ತೆಗೆದುಬಿಡು, ಅಷ್ಟು ಮಾಡಿದರೆ ಸಾಕು ಎಂದಳು. ಅವನು ಖಂಡಿತ ಎಂದು ಮಾತು ಕೊಟ್ಟು, ಕೆಳಗೆ ಬಸ್ಸಿನ ತನಕ ಬಿಟ್ಟು ಬಂದ. ತಿರುಗಿ ಬಂದಾಗ, ಎರಡನೇ ಮುದ್ರಣ ಆಗಲೇ ಯಂತ್ರಕ್ಕೆ ಏರಿದೆ, ನಿಲ್ಲಿಸಲು ಹೇಳಲೇ ಎಂದು ಸಂಪಾದಕಿ ಕೇಳಿದಳು. ಫೋನು ಅವಳ ಕೈಯಲ್ಲೇ ಇತ್ತು. ಅವನು ಕೂತು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡ. ಇದೊಂದು ಸಲ ಹೋಗಲಿ, ಮುಂದಿನ ಸಲ ನೋಡೋಣ ಎಂದ. ಸಂಪಾದಕಿ ಫೋನು ಕೆಳಗಿಟ್ಟಳು.

ಅಕ್ಕನ ಮನೆ ಮಾಲೀಕನ ಕಣ್ಣು ಈ ಜನಸಂದಣಿಯ ಮೇಲೆ ಬಿದ್ದದ್ದು ಆಮೇಲೆ. ಅವನು ಕೆಟ್ಟವನೇನಲ್ಲ, ಅಷ್ಟು ವರ್ಷ ಬಾಡಿಗೆಯ ವಿಷಯದಲ್ಲಿ ಅಕ್ಕನಿಗೆ ಒಂದು ದಿನವೂ ಕಿರಿಕಿರಿ ಮಾಡಿದವನಲ್ಲ. ನಗುನಗುತ್ತಲೇ ಬಂದು, ನಿಮ್ಮ ತಮ್ಮನಿಂದ ನಮ್ಮ ಬೀದಿಗೆ ಬೆಲೆ ಬಂತು ಎಂದು ಹೊಗಳಿದ. ಕಟ್ಟಡವನ್ನು ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುವ ಕೋಣೆಗಳಾಗಿ ಮಾಡುತ್ತಿದ್ದೇನೆ, ಎಲ್ಲರೂ ಖಾಲಿ ಮಾಡಬೇಕಾಗುತ್ತದೆ ಎಂದ. ಕೆಳಗಿನ ಮನೆಯಲ್ಲಿ ಒಬ್ಬ ನಿವೃತ್ತ ನರ್ಸ್ ಇದ್ದಳು. ಸಂಜೆಯಾದರೆ ಅಕ್ಕ ಮತ್ತು ಅವಳು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಹರಟೆ ಹೊಡೆಯುತ್ತಿದ್ದರು. ಅಕ್ಕನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದವಳೂ ಅವಳೇ. ನೋಟಿಸು ಬಂದ ದಿನದಿಂದ ನರ್ಸ್ ತನ್ನ ಕುರ್ಚಿಯನ್ನು ಒಳಗಿಟ್ಟುಕೊಂಡಳು. ಬೀದಿಯಲ್ಲಿ ಎದುರಾದರೆ ಅಕ್ಕನನ್ನು ಗೋಡೆ ನೋಡಿದಂತೆ ನೋಡಿ ಹೋಗುತ್ತಿದ್ದಳು.

ತಮ್ಮನಿಗೆ ಆಗ ನಿಜವಾಗಿ ಭಯವಾಯಿತು. ಆ ಬೀದಿಗೆ ದಯವಿಟ್ಟು ಹೋಗಬೇಡಿ, ಅಲ್ಲಿ ಬದುಕುವವರಿದ್ದಾರೆ, ಅವರ ಮನೆ ಹೋಗುತ್ತಿದೆ ಎಂದು ಬರೆದ. ಅಷ್ಟು ಮನಸ್ಸಿಟ್ಟು ಅವನು ಹಿಂದೆಂದೂ ಬರೆದಿರಲಿಲ್ಲ. ಅಷ್ಟು ಜನ ಹಿಂದೆಂದೂ ಓದಿರಲೂ ಇಲ್ಲ. ಆ ಭಾನುವಾರ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲವಂತೆ. ಅದೆಲ್ಲ ಹೋಗಿಬಿಡುವ ಮುಂಚೆ ಒಮ್ಮೆ ನೋಡೋಣ ಎಂದು ಬಂದವರು.

ತನ್ನ ಮನೆಯಲ್ಲೇ ಇರು ಎಂದು ಅವನು ಅಕ್ಕನನ್ನು ಕರೆದ. ಅವನ ಹೆಂಡತಿ ಕೋಣೆ ಖಾಲಿ ಮಾಡಿ, ಮಂಚಕ್ಕೆ ಹೊಸ ಹೊದಿಕೆ ಹಾಕಿ ಇಟ್ಟಳು. ಅಕ್ಕ ಬರುವುದಿಲ್ಲ ಎಂದಳು. ಯಾಕೆ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಊರಾಚೆ, ಬಸ್ಸು ಕೊನೆಯಾಗುವ ಕಡೆ ಒಂದು ಕೋಣೆಯ ಮನೆಯನ್ನು ಅವಳೇ ಹುಡುಕಿಕೊಂಡಳು.

ಸಾಮಾನು ಸಾಗಿಸುವ ದಿನ ಅವನು ಹೋದ. ಗಾಡಿ ಮೆಟ್ಟಿಲ ತಳದಲ್ಲೇ ನಿಲ್ಲಬೇಕಾದ್ದರಿಂದ ಎಲ್ಲವನ್ನೂ ಹೊತ್ತು ಇಳಿಸಬೇಕಿತ್ತು. ಮಾಲೀಕ ಬಂದು, ಬುಟ್ಟಿಯನ್ನು ಹಾಗೇ ಬಿಟ್ಟು ಹೋಗುತ್ತೀರಾ, ಬರುವವರು ಅದನ್ನೇ ಕೇಳುತ್ತಾರೆ ಎಂದು ಸಂಕೋಚದಿಂದ ಕೇಳಿದ.

“ಇಟ್ಕೊಳ್ಳಿ,” ಎಂದಳು ಅಕ್ಕ. “ಹೊಸ ಮನೆ ಕಿಟಕಿಗೆ ಸರಳಿದೆ. ಬುಟ್ಟಿ ಇಳಿಯಲ್ಲ.”

ಹೊಲಿಗೆ ಯಂತ್ರದ ಒಂದು ತುದಿಯನ್ನು ಅವನೂ ಇನ್ನೊಂದನ್ನು ಹಮಾಲಿಯೂ ಹಿಡಿದು ಇಳಿಸುತ್ತಿದ್ದಾಗ ಕೆಳಗಿನಿಂದ ಗಂಡ ಹೆಂಡತಿ ಇಬ್ಬರು ಹತ್ತಿ ಬಂದರು. ಯಂತ್ರದ ಫೋಟೊ ತೆಗೆದರು. ಆಮೇಲೆ ಹೆಂಡತಿ ಅವನ ಮುಖ ನೋಡಿ, ಪುಸ್ತಕದ ಹಿಂಬದಿಯಲ್ಲಿರುವವರು ನೀವೇ ಅಲ್ಲವೇ ಎಂದಳು. ಅವನು ಹೌದೆಂದ. ಅವಳು ಚೀಲದಿಂದ ಪುಸ್ತಕ ತೆಗೆದು ಪೆನ್ನು ಚಾಚಿದಳು. ಅವನು ಯಂತ್ರವನ್ನು ಮೆಟ್ಟಿಲ ಮೇಲಿಟ್ಟು, ಬೆವರಿದ ಕೈಯನ್ನು ಅಂಗಿಗೆ ಒರೆಸಿಕೊಂಡು ಸಹಿ ಹಾಕಿದ. ‘ಪ್ರೀತಿಯಿಂದ’ ಎಂದೂ ಬರೆದ. ತಲೆಯೆತ್ತಿದಾಗ ಅಕ್ಕ ಮೇಲಿನ ಮೆಟ್ಟಿಲಲ್ಲಿ ದಿಂಬುಗಳನ್ನು ಅವುಚಿಕೊಂಡು ನಿಂತಿದ್ದಳು. ಅವನು ಮುಗಿಸಲಿ ಎಂದು ಕಾಯುತ್ತಿದ್ದಳು.

ಸಾಮಾನೆಲ್ಲ ಏರಿದ ಮೇಲೆ ಗಾಡಿಯಲ್ಲಿ ಚಾಲಕನ ಪಕ್ಕ ಅಕ್ಕ ಕೂತಳು. ಇನ್ನೊಬ್ಬರಿಗೆ ಜಾಗವಿತ್ತು. ನೀನು ಮನೆಗೆ ಹೋಗು, ದಣಿದಿದ್ದೀಯ ಎಂದು ಹೇಳಿ ಬಾಗಿಲೆಳೆದುಕೊಂಡಳು.

ಅವನು ಟಿಪ್ಪಣಿ ಬರೆಯುವುದನ್ನು ನಿಲ್ಲಿಸಲಿಲ್ಲ. ಕಿಟಕಿಯ ಪುಟವನ್ನು ಮೂರನೇ ಮುದ್ರಣದಲ್ಲಿ ತೆಗೆದುಹಾಕಿದ, ಅಷ್ಟು ಹೊತ್ತಿಗೆ ಅದನ್ನು ಕೇಳುವವರೂ ಇರಲಿಲ್ಲ, ಜನ ಬೇರೆ ಬೀದಿಗಳಿಗೆ ಹೋಗುತ್ತಿದ್ದರು. ಅಕ್ಕ ಫೋನಿಗೆ ಉತ್ತರಿಸುತ್ತಾಳೆ, ಅವನ ಮಕ್ಕಳನ್ನು ವಿಚಾರಿಸುತ್ತಾಳೆ. ನೋಡಬೇಕೆಂದರೆ ಭಾನುವಾರ ಕೊನೆಯ ನಿಲ್ದಾಣಕ್ಕೆ ಬಾ ಎನ್ನುತ್ತಾಳೆ. ಅವನು ಹೋದರೆ ಅವಳು ಸಿಮೆಂಟಿನ ಬೆಂಚಿನ ಮೇಲೆ ಮೊದಲೇ ಬಂದು ಕೂತಿರುತ್ತಾಳೆ. ಹತ್ತಿರದ ಅಂಗಡಿಯ ಚಹಾ ಅಲ್ಲೇ ಕುಡಿಯುತ್ತಾರೆ. ಮೊಣಕಾಲಿನ ವಿಷಯ, ಹೆಂಡತಿಯ ಬಿ.ಪಿ. ವಿಷಯ ಮಾತಾಡುತ್ತಾರೆ.

ಒಂದು ಸಲ ಅವನು ಕೇಳಿಯೇಬಿಟ್ಟ.

“ಮನೆ ತೋರಿಸಲ್ವಾ, ಅಕ್ಕ?”

ಅಕ್ಕ ಚಹಾದ ಲೋಟ ಕೆಳಗಿಟ್ಟು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

“ನೋಡಿದ್ರೆ ಬರೀತೀಯ,” ಎಂದಳು.

ಬರೆಯುವುದಿಲ್ಲ ಎಂದು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಬಸ್ಸು ಬಂತು. ಅಕ್ಕ ಅವನನ್ನು ಹತ್ತಿಸಿ, ಕಿಟಕಿಯ ಪಕ್ಕ ಸೀಟು ಸಿಕ್ಕಿತೇ ಎಂದು ನೋಡಿ, ಮತ್ತೆ ಬೆಂಚಿಗೆ ಹೋಗಿ ಕೂತಳು. ಬಸ್ಸು ಹೊರಟಿತು. ಅವನು ಹಿಂದಿನ ಗಾಜಿನಿಂದ ನೋಡುತ್ತಲೇ ಇದ್ದ. ಬಸ್ಸು ತಿರುವು ದಾಟುವವರೆಗೂ ಅವಳು ಬೆಂಚಿನಿಂದ ಏಳಲಿಲ್ಲ. ಅಲ್ಲಿಂದ ಯಾವ ಓಣಿಗೆ ನಡೆದು ಹೋಗುತ್ತಾಳೆ ಎಂಬುದು ಅವನಿಗೆ ಇವತ್ತಿಗೂ ಗೊತ್ತಿಲ್ಲ.